ಜಗಲಿಯ ಬಾಹ್ಯಕೋನ

ನಾನು ಓದು ನಿಲ್ಲಿಸಿದ್ದು ಸಾವಿರದ ಒಂಬೈನೂರ ತೊಂಬತ್ತೆರಡರಲ್ಲಿ, ಏಳನೆಯ ತರಗತಿಯ ಅರ್ಧದಲ್ಲಿ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಆಮೇಲೆ ಹಿಡಿದ ಉಳಿಯನ್ನು ಇವತ್ತಿನವರೆಗೂ ಕೆಳಗಿಟ್ಟಿಲ್ಲ. ಜಯನಗರದಿಂದ ಹುಳಿಮಾವಿನವರೆಗೆ ನಾನು ಕೂರಿಸಿದ ಬಾಗಿಲುಗಳಲ್ಲಿ ಒಂದಾದರೂ ಕಿರುಗುಟ್ಟಿದರೆ ಹೇಳಿ, ಬಂದು ಸರಿಮಾಡುತ್ತೇನೆ. ಇಂಥವನ ಮರ್ಯಾದೆಯನ್ನು ಒಂದು ತ್ರಿಭುಜ ತೆಗೆಯಿತು.

ಒಂಬತ್ತನೆಯ ತರಗತಿಯ ಮಗಳು ಸಿಂಚನಾ ಲೆಕ್ಕ ಕೇಳಲು ಬಂದಿದ್ದಳು. ಒಳಗಿನ ಎರಡು ಕೋನ ಐವತ್ತು, ಎಪ್ಪತ್ತು. ಮೂರನೆಯ ಮೂಲೆಯ ಬಾಹ್ಯಕೋನ ಎಷ್ಟು? ಒಳಗಿನ ಮೂರೂ ಸೇರಿ ನೂರ ಎಂಬತ್ತು ಎಂಬುದು ನನಗೂ ಗೊತ್ತು. ಹಾಗಾಗಿ ಮೂರನೆಯದು ಅರವತ್ತು. ಒಂದು ಪೂರ್ತಿ ಸುತ್ತು ಮುನ್ನೂರ ಅರವತ್ತು. ಅರವತ್ತು ಒಳಗಿದ್ದರೆ ಮಿಕ್ಕ ಮುನ್ನೂರು ಹೊರಗೆ. ಹೊರಗೆ ಅಂದರೆ ಹೊರಗಿರುವುದೆಲ್ಲ ತಾನೇ? ಬರೆಸಿಬಿಟ್ಟೆ. ಪರೀಕ್ಷೆಯಲ್ಲೂ ಅವಳು ಹಾಗೇ ಬರೆದಳು.

“ಅಪ್ಪಾ, ನೂರಿಪ್ಪತ್ತಂತೆ. ಅಂಥವೇ ನಾಲ್ಕು ಲೆಕ್ಕ ಬಂದಿತ್ತು, ನಾಲ್ಕಕ್ಕೂ ಸೊನ್ನೆ.”

“ರೀ, ಸೋಮವಾರದಿಂದ ಟ್ಯೂಷನ್‌ಗೆ ಹೋಗ್ಲಿ. ನೀವು ಬಾಗಿಲು ಕಿಟಕಿ ನೋಡ್ಕೊಳ್ಳಿ,” ಎಂದಳು ಹೆಂಡತಿ, ಒಗ್ಗರಣೆ ಹಾಕುತ್ತಲೇ.

ಲೆಕ್ಕದ ಅರ್ಧ ಗಂಟೆ ಬಿಟ್ಟರೆ ಮಗಳು ನನ್ನ ಪಕ್ಕ ಕೂರುವುದೇ ಇಲ್ಲ. ಇನ್ನು ಅದೂ ಹೋಗುತ್ತದಲ್ಲ!

ಪುಸ್ತಕ ಕಿತ್ತುಕೊಂಡು ಓದಿದೆ. ತ್ರಿಭುಜದ ಒಂದು ಬಾಹುವನ್ನು ‘ವೃದ್ಧಿಸಿದಾಗ’ ಹೊರಗೆ ಉಂಟಾಗುವುದು ಬಾಹ್ಯಕೋನವಂತೆ. ಎದುರಿನ ಎರಡು ಒಳಕೋನ ಕೂಡಿದಷ್ಟೇ ಇರುತ್ತದಂತೆ. ಏಕೆ ವೃದ್ಧಿಸಬೇಕು ಸ್ವಾಮಿ? ಮುಗಿದ ಗೆರೆ ಮುಗಿಯಿತು. ನಾನು ಚೌಕಟ್ಟಿನ ಒಂದು ಪಟ್ಟಿಯನ್ನು ಮೂಲೆ ದಾಟಿಸಿ ಅರ್ಧ ಅಡಿ ವೃದ್ಧಿಸಿದರೆ, ಮನೆಯವರು ಮೊಣಕೈ ತರಚಿಕೊಂಡು ನನ್ನ ವಂಶವನ್ನೆಲ್ಲ ಬೈಯುತ್ತಾರೆ. ಪುಸ್ತಕ ಬರೆಯುವವರಿಗೇನು, ಮರ ಕೊಳ್ಳಬೇಕಾಗಿಲ್ಲ. ಗೆರೆ ಎಳೆದದ್ದೇ ಎಳೆದದ್ದು.

“ಬಾ, ಹೊರಗಿನ ಕೋನ ಅಂದ್ರೇನು ತೋರಿಸ್ತೀನಿ,” ಎಂದು ಅವಳನ್ನು ಬಾಗಿಲ ಮುಂದಕ್ಕೆ ಕರೆದೊಯ್ದೆ. ಚಿಕ್ಕಲಸಂದ್ರದ ನಮ್ಮ ಮನೆ ಎರಡು ರಸ್ತೆ ಓರೆಯಾಗಿ ಕೂಡುವಲ್ಲಿದೆ. ಮುಂದಿನ ಕಲ್ಲಿನ ಜಗಲಿಯೂ ಮೂರು ಮೂಲೆಯದು. ಇಂಥ ಮೂಲೆ ಅಳೆಯಲು ನಾವು ಮಾಡುವಂತೆ, ಜಗಲಿಯ ಒಂದು ಬದಿಗೆ ಉದ್ದನೆಯ ಮರದ ಪಟ್ಟಿ ಒತ್ತಿ, ಮೂಲೆಯಾಚೆ ಎರಡಡಿ ಚಾಚಿಸಿ, ಪಟ್ಟಿಗೂ ಪಕ್ಕದ ಬದಿಗೂ ನಡುವೆ ಅಳತೆ ಹಿಡಿದೆ.

“ಪಟ್ಟಿ ಯಾಕೆ ಮೂಲೆ ದಾಟಿಸ್ದೆ?”

“ಇನ್ನೇನು, ಜಗಲಿ ಒಳಗೆ ತಲೆ ತೂರಿಸಿ ಅಳೀಲಾ?”

“ಅಪ್ಪಾ! ಬಾಹು ವೃದ್ಧಿಸಿದ್ದೀಯ!”

ಮೂವತ್ತು ವರ್ಷದಿಂದ ವೃದ್ಧಿಸುತ್ತಲೇ ಇದ್ದೆ. ಕೆಲಸ ಕಲಿಸಿದವರು ಯಾರೂ ಅದಕ್ಕೊಂದು ಹೆಸರು ಹೇಳಿರಲಿಲ್ಲ. ಸಿಟ್ಟು ಇಳಿಯುವ ಬದಲು ಏರಿತು: ಕೈಗೆ ಬರುತ್ತಿದ್ದುದನ್ನು ಬಾಯಿ ತಪ್ಪಾಗಿ ಹೇಳಿ ಮಗಳಿಗೆ ಸೊನ್ನೆ ಕೊಡಿಸಿತಲ್ಲ!

ಟ್ಯೂಷನ್ ತಪ್ಪಿತು ಎಂದು ಬರೆಯಲು ನನಗೂ ಆಸೆ. ತಪ್ಪಲಿಲ್ಲ, ಸೋಮವಾರವೇ ಹೋದಳು. ಆದರೆ ಬಂದವಳು ಚಪ್ಪಲಿ ಬಿಟ್ಟು ನೇರ ನನ್ನ ಪಕ್ಕ ಕೂತು, “ಇವತ್ತು ನಿಂಗೆ ಸರ್ವಸಮತೆ. ಮಧ್ಯೆ ಬಾಯಿ ಹಾಕ್ಬೇಡ,” ಎಂದಳು.

ಈಗ ನನಗಿರುವುದು ಇಷ್ಟು: ಒಂದು ಮರಗೆಲಸದ ಅಂಗಡಿ, ಒಬ್ಬಳು ಹೆಂಡತಿ, ಒಬ್ಬಳು ಟೀಚರು, ಪೂರ್ತಿ ಬರುವ ಪ್ರಮೇಯ ಒಂದು, ಅರ್ಧ ಬರುವುದು ಇನ್ನೊಂದು.