ಏಡನ್ನಿನಲ್ಲಿ ಉಳಿದ ಭರಣಿ

ರೆಜಿನಾಬಾಯಿ, ನಾನು ಏಡನ್ನಿನಲ್ಲಿ ನಿಮ್ಮ ಗಂಡನನ್ನು ನೋಡಲೇ ಇಲ್ಲ.

ಇದೊಂದು ವಾಕ್ಯ ಬರೆಯಲು ನನಗೆ ಹತ್ತು ವರ್ಷ ಬೇಕಾಯಿತು. ಜಾಕೋಬಾಬರನ್ನು ಕಂಡೆ, ಮಾತಾಡಿಸಿದೆ, ನೀವು ಕೊಟ್ಟ ಉಪ್ಪಿನಕಾಯಿಯ ಭರಣಿಯನ್ನು ಅವರ ಕೈಯಲ್ಲೇ ಇಟ್ಟೆ ಎಂದು ನೈರೋಬಿಯಿಂದ ಕಾಗದ ಬರೆದಿದ್ದೆನಲ್ಲ – ಅದರಲ್ಲಿ ಒಂದಕ್ಷರವೂ ನಿಜವಲ್ಲ. ನೀವು ಅದನ್ನು ಪ್ರಾರ್ಥನೆಯ ಪುಸ್ತಕದೊಳಗೆ ಇಟ್ಟುಕೊಂಡಿದ್ದೀರಿ. ದಯಮಾಡಿ ಅಲ್ಲಿಂದ ತೆಗೆದುಬಿಡಿ.

ನೀವು ಕನ್ನಡ ಓದುವವರಲ್ಲ. ನಿಮ್ಮ ಮಗಳು ಜೂಲಿ ಅತ್ತಾವರದ ಆಸ್ಪತ್ರೆಯ ಕೆಲಸದಿಂದ ಶನಿವಾರ ಮನೆಗೆ ಬಂದಾಗ ನಿಮಗೆ ಓದಿ ಹೇಳಬೇಕು. ಗೋಡೆಯಾಚೆಯ ಮನೆ ನನ್ನದು, ಬಂದು ನಮ್ಮ ಕೊಂಕಣಿಯಲ್ಲೇ ಹೇಳಬಹುದಿತ್ತು. ಹೇಳಬೇಕೆಂದು ನಾಲ್ಕು ಸಲ ಬಂದೂ ಇದ್ದೇನೆ. ಮೆಟ್ಟಿಲು ಹತ್ತುವ ಮೊದಲೇ ನೀವು "ಬಾ ಪುತಾ" ಎಂದು ಮಗನನ್ನು ಕರೆದ ಹಾಗೆ ಕರೆಯುತ್ತೀರಿ, ಬೆಲ್ಲದ ಕಾಫಿ ಇಡುತ್ತೀರಿ, ನಾನು ಕಾಫಿ ಕುಡಿದು, ಮಳೆ ಬಿಸಿಲಿನ ಮಾತಾಡಿ ಎದ್ದು ಬರುತ್ತೇನೆ. ಶಾಲೆಯಲ್ಲಿ ಕಲಿತ ಕನ್ನಡದಲ್ಲಾದರೆ ಸ್ವಲ್ಪ ದೂರ ನಿಂತು ಹೇಳಿದ ಹಾಗಾಗುತ್ತದೆ. ನನ್ನಂಥ ಹೇಡಿಗೆ ಅಷ್ಟು ದೂರ ಬೇಕು. ನಮ್ಮೂರು ಬಿಕರ್ನಕಟ್ಟೆಯವರೂ ಓದಲಿ – ಅವರೆಲ್ಲ ಸೇರಿ ನಂಬಿದ ಸುಳ್ಳು ಇದು.

ಆ ವರ್ಷ ನಾನು ಎಷ್ಟು ಬೀಗಿದ್ದೆ ಎಂದು ನಿಮಗೆ ನೆನಪಿರಬಹುದು. ನೈರೋಬಿಯ ಕಚೇರಿಯೊಂದರಲ್ಲಿ ಗುಮಾಸ್ತನ ಕೆಲಸ; ಆಫ್ರಿಕಕ್ಕೆ ಹೋಗುವವರೆಲ್ಲ ಹಡಗಿನಲ್ಲಿ ವಾಂತಿ ಮಾಡುತ್ತ ಹೋಗುತ್ತಿದ್ದ ಕಾಲದಲ್ಲಿ ನನಗೆ ಮಾತ್ರ ವಿಮಾನದ ಟಿಕೆಟು. ಬೂದು ಬಣ್ಣದ ಸೂಟು ಹೊಲಿಸಿಕೊಂಡಿದ್ದೆ. ಅದನ್ನು ತೊಟ್ಟು ಇಗರ್ಜಿಗೆ ಹೋದ ಭಾನುವಾರ ನಾನು ದೇವರಿಗೆ ನಮಸ್ಕರಿಸಿದೆನೋ ದೇವರು ನನಗೆ ನಮಸ್ಕರಿಸಲೆಂದು ಕಾದೆನೋ ಹೇಳಲಾರೆ. ಬೊಂಬಾಯಿಯಿಂದ ಹೊರಟ ವಿಮಾನ ಏಡನ್ನಿನಲ್ಲಿ ಇಳಿಸುತ್ತದೆ, ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ಕಾದು ಬೇರೆ ವಿಮಾನ ಹತ್ತಬೇಕು ಎಂದು ನಾನೇ ಕಂಡಕಂಡವರಿಗೆ ಹೇಳಿಕೊಂಡು ತಿರುಗಿದ್ದೆ. ಅದು ನಿಮ್ಮ ಕಿವಿಗೂ ಬಿತ್ತು.

ಹೊರಡುವ ಹಿಂದಿನ ದಿನ ಭರಣಿ ಹಿಡಿದುಕೊಂಡು ಬಂದಿರಿ. ಮಿಡಿ ಮಾವಿನ ಉಪ್ಪಿನಕಾಯಿ. ಬಾಯಿಗೆ ಹಳೆಯ ಸೀರೆಯ ತುಂಡು ಕಟ್ಟಿ, ಅದರ ಮೇಲೆ ಇಗರ್ಜಿಯ ಮೇಣದ ಬತ್ತಿ ಕರಗಿಸಿ ಹೊಯ್ದಿದ್ದಿರಿ. ಜಾಕೋಬಾಬರು ಏಡನ್ನಿನ ಬೇಕರಿಯೊಂದರಲ್ಲಿ ಕೆಲಸಕ್ಕೆ ಹೋಗಿ ಐದು ವರ್ಷ. ಕಾಗದ ನಿಂತು ಒಂದು ವರ್ಷ.

"ಅವರಿಗೆ ಎಂತ ಆಗಿದೆ ಅಂತ ಕಣ್ಣಾರೆ ನೋಡಿ ಒಂದು ಗೆರೆ ಬರಿ ಪುತಾ," ಎಂದಿರಿ. "ಸಿಟ್ಟಾ, ಸೌಖ್ಯ ಇಲ್ವಾ, ಬೇರೆ ಸಂಸಾರ ಉಂಟಾ – ಎಂತ ಇದ್ರೂ ಇದ್ದ ಹಾಗೆ ಬರಿ. ನಾನು ತಡ್ಕೊಳ್ತೇನೆ."

ನಿಮ್ಮ ತಮ್ಮ ಲೊರೆಸ್ಸ ನಮ್ಮೂರ ಬಂದರಿನಲ್ಲಿದ್ದ. ಹಂಚು ತುಂಬಿಕೊಂಡು ಏಡನ್ನಿಗೆ ಹಾಯಿ ಬಿಚ್ಚಿ ಹೋಗುವ ಮಂಜಿಯೊಂದರಲ್ಲಿ ಅವನನ್ನು ಕರೆದುಕೊಂಡು ಹೋಗಲು ಅದನ್ನು ನಡೆಸುವ ತಂಡೇಲ ಒಪ್ಪಿದ್ದ. ನನ್ನ ಕಾಗದ ನೋಡಿ, ಅವರನ್ನು ಕರೆತರಲು ಲೊರೆಸ್ಸ ಹೋಗಬೇಕೋ ಬೇಡವೋ ತೀರ್ಮಾನ ಮಾಡುತ್ತೇವೆ ಎಂದೂ ನೀವು ಹೇಳಿದ್ದಿರಿ. ನಾನು ಕೇಳಿಸಿಕೊಂಡಿದ್ದೆ, ಬಾಯಿ. ಗೊತ್ತಿರಲಿಲ್ಲ ಎಂದು ಹೇಳುವ ದಾರಿ ನನಗಿಲ್ಲ.

ವಿಮಾನದಲ್ಲಿ ಭರಣಿಯನ್ನು ಮಡಿಲಲ್ಲೇ ಇಟ್ಟುಕೊಂಡಿದ್ದೆ. ಮೇಲೇರಿದ ಸ್ವಲ್ಪ ಹೊತ್ತಿಗೆ ಮೇಣ ಬಿರಿದು ಸೀರೆಯ ತುಂಡು ಒದ್ದೆಯಾಯಿತು. ಕೆಂಪು ರಸ ಹೊಸ ಪ್ಯಾಂಟಿನ ತೊಡೆಯ ಮೇಲೆ ಅಂಗೈಯಗಲ ಹರಡಿತು. ಸಾಸಿವೆ ಇಂಗಿನ ವಾಸನೆ. ಮುಂದಿನ ಸೀಟಿನ ದೊರೆಸಾನಿ ತಿರುಗಿ ನೋಡಿದಳು. ಆ ನೋಟಕ್ಕೆ ನಾನು ನಾಚಿ ನೀರಾದೆ. ನನ್ನ ಪಾಪ ಶುರುವಾದದ್ದು ಅಲ್ಲೇ ಎಂದು ಈಗ ಅನಿಸುತ್ತದೆ.

ಪಕ್ಕದಲ್ಲಿ ಬೊಂಬಾಯಿಯ ಗೃಹಸ್ಥನೊಬ್ಬ ಕೂತಿದ್ದ, ಅವನೂ ನೈರೋಬಿಗೆ ಹೊರಟವ. ಒಳ್ಳೆಯ ಇಂಗ್ಲಿಷು, ಬಂಗಾರದ ಕಟ್ಟಿನ ಕನ್ನಡಕ. ನಿಮ್ಮ ಮನೆಯವರು ಏನು ಮಾಡುತ್ತಾರೆ ಎಂದು ಕೇಳಿದ. ವ್ಯಾಪಾರ ಎಂದೆ – ಹಂಚಿನ ಕಾರ್ಖಾನೆಯಲ್ಲಿ ನಮಗೆ ಪಾಲುಂಟು ಎಂದೂ ಸೇರಿಸಿದೆ. ನನ್ನ ಅಪ್ಪ ಆ ಕಾರ್ಖಾನೆಯಲ್ಲಿ ಮಣ್ಣು ಹೊರುತ್ತಿದ್ದದ್ದು ನಿಮಗೆ ಗೊತ್ತು.

ಏಡನ್ನಿನಲ್ಲಿ ಇಳಿದಾಗ ಬೆಳಗ್ಗೆ ಏಳು. ಮುಂದಿನ ವಿಮಾನ ಸಂಜೆ ಏಳಕ್ಕೆ. ಹನ್ನೆರಡು ಗಂಟೆ! ಇಲ್ಲಿ ನೊಣ ಹೊಡೆಯುತ್ತ ಕೂರುವುದೇ, ಒಂದು ಟ್ಯಾಕ್ಸಿ ಮಾಡೋಣ, ಊರನ್ನೇ ನೋಡಿ ಮುಗಿಸೋಣ ಎಂದ ಆ ಗೃಹಸ್ಥ. ನಾನು ಭರಣಿಯನ್ನು ಕಾಯುವ ಕೋಣೆಯ ಬೆಂಚಿನ ಕೆಳಗೆ ತಳ್ಳಿದೆ. ಮೊದಲು ಜಾಕೋಬಾಬರ ಜಾಗ ಪತ್ತೆ ಮಾಡುತ್ತೇನೆ, ಆಮೇಲೆ ಬಂದು ಇದನ್ನು ಒಯ್ಯುತ್ತೇನೆ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ಹೇಳಿಕೊಳ್ಳುವಾಗಲೇ ಅದು ನಿಜವಲ್ಲ ಎಂದು – ಬೇಡ, ಅಷ್ಟು ಸರಿಯಾಗಿ ನೆನಪಿಲ್ಲ.

ಬಂದರಿನ ಕಡೆಯ ಅಂಗಡಿಸಾಲಿಗೆ ಹೋದೆವು. ಸುಂಕವಿಲ್ಲದ ಊರು, ಏನು ಬೇಕಾದರೂ ಅಗ್ಗ. ಒಂದು ಕೈಗಡಿಯಾರ ಆರಿಸಲು ನಾನು ಎರಡು ಗಂಟೆ ಕಳೆದೆ. ಕಪ್ಪು ಮುಖದ್ದೋ ಬಿಳಿ ಮುಖದ್ದೋ, ಚರ್ಮದ ಪಟ್ಟಿಯೋ ಲೋಹದ್ದೋ – ಎರಡು ಗಂಟೆ, ಬಾಯಿ! ಆಮೇಲೆ ಐಸ್‌ಕ್ರೀಮು, ಒಂಟೆಯ ಪಕ್ಕ ನಿಂತು ಒಂದು ಫೋಟೋ. ಆ ಫೋಟೋವನ್ನು ನೀವೂ ನೋಡಿದ್ದೀರಿ, ಜಾಕೋಬಾಬರೇ ತೆಗೆಸಿಕೊಟ್ಟದ್ದೆಂದು ನಾನು ಹೇಳಿದ್ದೆ.

ಮಧ್ಯಾಹ್ನ ಊಟವಾದ ಮೇಲೆ ಡ್ರೈವರ್ ನಮ್ಮನ್ನು ಹಳೆಯ ಊರಿಗೆ ಕರೆದೊಯ್ದ. ಸುತ್ತಲೂ ಕರಿಯ ಬೆಟ್ಟ, ಒಂದು ಹುಲ್ಲಿನ ಎಸಳಿಲ್ಲ. ನಡುವೆ ಕಾದ ಬಾಣಲೆಯಂಥ ತಗ್ಗಿನಲ್ಲಿ ಪೇಟೆ. ಅಲ್ಲಿ ಬಂಡೆ ಕೊರೆದು ಮಾಡಿದ ಪುರಾತನ ಕೆರೆಗಳಿವೆ, ಬಂದವರೆಲ್ಲ ನೋಡುತ್ತಾರೆ. ನೀವು ಕೊಟ್ಟ ವಿಳಾಸದ ಚೀಟಿ ನನ್ನ ಕಿಸೆಯಲ್ಲೇ ಇತ್ತು: ಕೆರೆಗಳಿಗೆ ಹೋಗುವ ರಸ್ತೆ, ಹಸಿರು ಬಾಗಿಲಿನ ಬೇಕರಿ. ಟ್ಯಾಕ್ಸಿ ಅದೇ ರಸ್ತೆಯಲ್ಲಿ ಹೋಯಿತು. ಹಸಿರು ಬಾಗಿಲು ನನ್ನ ಎಡಗಡೆ ಬಂತು. ಒಂದು ಕತ್ತೆಗಾಡಿ ಅಡ್ಡ ನಿಂತದ್ದರಿಂದ ಡ್ರೈವರ್ ಅಲ್ಲೇ ನಿಲ್ಲಿಸಿದ. ಬೇಕರಿಯ ಬಿಸಿ ರೊಟ್ಟಿಯ ವಾಸನೆ ಒಳಗೆ ಬಂತು. ನಾನು ಕೈ ಚಾಚಿದ್ದರೆ... ಇಳಿದು ಹತ್ತು ಹೆಜ್ಜೆ ನಡೆದಿದ್ದರೆ...

ಇಳಿಯಲಿಲ್ಲ. ಹಿಟ್ಟು ಮೆತ್ತಿದ ಬನಿಯನ್ನಿನಲ್ಲಿ ಜಾಕೋಬಾಬರು ಹೊರಗೆ ಬಂದು, ನಮ್ಮೂರ ಹುಡುಗ ಬಂದನೆಂದು ಬೀದಿಯಲ್ಲೇ ಅಪ್ಪಿಕೊಂಡು, ನಿನ್ನ ಅಪ್ಪ ಈಗಲೂ ಮಣ್ಣು ಹೊರುತ್ತಾನಾ ಎಂದು ದೊಡ್ಡ ಗಂಟಲಿನಲ್ಲಿ ಕೇಳಿಬಿಟ್ಟರೆ? ಅವರ ಪ್ರೀತಿ ಅಂಥದ್ದೇ. ಆ ಬೊಂಬಾಯಿಯವನ ಎದುರು ನನ್ನ ಮಾನ ಹೋಗುತ್ತದಲ್ಲ ಎಂದು ನಾನು ಮುಖವನ್ನು ಬಲಗಡೆಗೆ ತಿರುಗಿಸಿಕೊಂಡೆ. ಅವನ ಹೆಸರು ಕೂಡ ಈಗ ನನಗೆ ನೆನಪಿಲ್ಲ. ಕತ್ತೆಗಾಡಿ ಸರಿಯಿತು, ನಾವು ಮುಂದೆ ಹೋದೆವು. ಕೆರೆಗಳಲ್ಲಿ ಒಂದು ಹನಿ ನೀರಿರಲಿಲ್ಲ. ಒಂದು ಗಂಟೆ ಅವನ್ನು ನೋಡಿದೆವು.

ಸಂಜೆ ವಿಮಾನ ನಿಲ್ದಾಣಕ್ಕೆ ಬಂದಾಗ ಭರಣಿ ಇಟ್ಟಲ್ಲೇ ಇತ್ತು. ಸುತ್ತ ಇರುವೆ. ಕರೆ ಬಂದಾಗ ನಾನು ಎದ್ದೆ, ಅದನ್ನು ತೆಗೆದುಕೊಳ್ಳಲಿಲ್ಲ. ಕೈ ಖಾಲಿಯಾದದ್ದಕ್ಕೆ ಹಗುರವೆನಿಸಿತು ಎಂಬುದನ್ನೂ ಹೇಳಿಬಿಡುತ್ತೇನೆ.

ನೈರೋಬಿಯಲ್ಲಿ ಎರಡು ವಾರ ನಿಮಗೆ ಏನು ಬರೆಯುವುದೆಂದು ಯೋಚಿಸಿದೆ. ಹೋಗಲು ಆಗಲಿಲ್ಲ ಎಂದು ಒಂದು ಸಾಲು ಸಾಕಿತ್ತು. ಅಷ್ಟು ಬರೆದಿದ್ದರೆ ಲೊರೆಸ್ಸ ಮಂಜಿ ಹತ್ತುತ್ತಿದ್ದ. ಆದರೆ ಹನ್ನೆರಡು ಗಂಟೆ ಅಲ್ಲಿ ಎಂತ ಮಾಡಿದೆ ಎಂದು ಊರು ಕೇಳುತ್ತದಲ್ಲ! ಅದಕ್ಕೆ ಬರೆದೆ – ಚೆನ್ನಾಗಿದ್ದಾರೆ, ಕೆಲಸ ಬಹಳ, ಬರೆಯಲು ಪುರುಸೊತ್ತಿಲ್ಲ, ಬರುವ ಕ್ರಿಸ್ಮಸ್ಸಿಗೆ ಬರುತ್ತಾರೆ. ಬರೆದು ಓದಿದರೆ ಯಾಕೋ ಸಪ್ಪೆಯಾಗಿ, ಸುಳ್ಳೆಂದು ಗೊತ್ತಾಗುವ ಹಾಗೆ ಕಂಡಿತು. ನಂಬಿಕೆ ಬರಲಿ ಎಂದು ಇನ್ನೊಂದು ಮಾತು ಸೇರಿಸಿದೆ: "ಭರಣಿಯನ್ನು ನನ್ನ ಎದುರೇ ಬಿಚ್ಚಿ ರೊಟ್ಟಿಯ ಜೊತೆ ತಿಂದರು. ಉಪ್ಪು ಸ್ವಲ್ಪ ಹೆಚ್ಚಾಗಿದೆ ಎಂದು ನಕ್ಕರು."

ಲೊರೆಸ್ಸ ಹೋಗಲಿಲ್ಲ. ಕ್ರಿಸ್ಮಸ್ಸಿಗೆ ನೀವು ಕುಸ್ವಾರದ ತಿಂಡಿಗಳನ್ನೆಲ್ಲ ಮಾಡಿ ಕಾದಿರಿ ಎಂದು ಅಮ್ಮ ಬರೆದಿದ್ದಳು. ಅದರ ಮುಂದಿನ ಕಾಗದದಲ್ಲಿ ಅವರು ತೀರಿಕೊಂಡ ಸುದ್ದಿ. ಜ್ವರದಿಂದ ಹೋದರಂತೆ ಎಂದಷ್ಟೇ ಬೇಕರಿಯವರು ತಿಳಿಸಿದ್ದರು. "ನಮ್ಮವರಲ್ಲಿ ಅವರನ್ನು ಕೊನೆಗೆ ನೋಡಿದವ ನೀನೇ, ಅಷ್ಟಾದರೂ ಅವಳಿಗೆ ಸಮಾಧಾನ" ಎಂದು ಅಮ್ಮ ಸೇರಿಸಿದ್ದಳು.

ಮುಂದಿನದನ್ನು ನಿಮಗೆ ಹೇಳಬೇಕೋ ಬಾರದೋ ಎಂದು ವರ್ಷಗಟ್ಟಲೆ ತೂಗಿದ್ದೇನೆ. ಹೇಳುತ್ತೇನೆ. ಇದ್ದ ಹಾಗೆ ಬರಿ ಎಂದಿದ್ದಿರಿ.

ಎರಡು ವರ್ಷದ ನಂತರ ನೈರೋಬಿಗೆ ಸಂತಾನ ಎಂಬ ನಮ್ಮ ಕಡೆಯ ಬೆಜೈಯವನೊಬ್ಬ ಬಂದ. ಅದೇ ಬೇಕರಿಯಲ್ಲಿ ದುಡಿದವ. ನಾನು ಹೋಗಿದ್ದ ತಿಂಗಳು ಹೇಳಿ, ಆಗ ಜಾಕೋಬಾಬರು ಹೇಗಿದ್ದರು ಎಂದು ಏನೂ ಗೊತ್ತಿಲ್ಲದವನ ಹಾಗೆ ಕೇಳಿದೆ.

"ಆಗ ಅವರಿಗೆ ಏಳ್ಲಿಕ್ಕೇ ಆಗ್ತಿರಲಿಲ್ಲ ಮಾರಾಯ," ಎಂದ. "ಎದೆಯ ಕಾಯಿಲೆ. ಹಿಂದಿನ ಕೋಣೆಯಲ್ಲಿ ಮಲಗಿದಲ್ಲೇ. ಹೆಂಡತಿ ಹೆದರ್ತಾಳೆ, ಗುಣ ಆದ ಮೇಲೆ ಬರೀತೇನೆ ಅಂತಿದ್ರು. ಹೊರಗೆ ಮೋಟಾರು ನಿಂತ ಶಬ್ದ ಕೇಳಿದ್ರೆ ಸಾಕು, ಊರಿಂದ ಯಾರಾದ್ರೂ ಬಂದ್ರಾ ನೋಡು ಅಂತ ನನ್ನನ್ನು ಕಳಿಸ್ತಿದ್ರು. ಊರಿಗೆ ಬಂದಿದ್ರೆ ಬದುಕ್ತಿದ್ರೋ ಎಂತದೋ. ಕರ್ಕೊಂಡು ಹೋಗ್ಲಿಕ್ಕೆ ಒಂದು ಜನ ಬೇಕಲ್ಲ?"

ಜನ ಇತ್ತು. ಬಂದರಿನಲ್ಲಿ ಗಂಟು ಕಟ್ಟಿಕೊಂಡು ನನ್ನ ಕಾಗದಕ್ಕೆ ಕಾಯುತ್ತಿತ್ತು. ಆ ದಿನ ನಮ್ಮ ಟ್ಯಾಕ್ಸಿ ನಿಂತ ಶಬ್ದವೂ ಹಿಂದಿನ ಕೋಣೆಗೆ ಕೇಳಿಸಿರಬೇಕು. ಈ ಯೋಚನೆ ಬಾರದ ಒಂದು ದಿನವಿಲ್ಲ, ಬಾಯಿ.

ರಜೆಯಲ್ಲಿ ಊರಿಗೆ ಬಂದಾಗ ನೀವು ಕಪ್ಪು ಸೀರೆ ಉಟ್ಟು ಊಟಕ್ಕೆ ಕರೆದಿರಿ. ಎಲ್ಲವನ್ನೂ ಒಪ್ಪಿಕೊಳ್ಳಬೇಕೆಂದೇ ಬಂದಿದ್ದೆ. ತಟ್ಟೆಗೆ ಉಪ್ಪಿನಕಾಯಿ ಬಡಿಸಿದಿರಿ. ಬಾಯಿಗಿಟ್ಟರೆ ಹುಳಿ, ಮೆತ್ತಗೆ, ಉಪ್ಪೇ ಇಲ್ಲ. ಮದುವೆ ಮನೆಗಳಿಗೆ ಉಪ್ಪಿನಕಾಯಿ ಹಾಕಲು ಜನ ಹುಡುಕಿಕೊಂಡು ಬರುತ್ತಿದ್ದದ್ದು ನಿಮ್ಮನ್ನೇ. ಬರೀ ಕೈಯಲ್ಲಿ ಅಳೆದು ಹಾಕಿದ ಉಪ್ಪು ವರ್ಷವಿಡೀ ಕೆಡದ ಹಾಗೆ ಕಾಯುತ್ತಿತ್ತು. ನಾನು ತಲೆಯೆತ್ತಿ ನೋಡಿದೆ.

"ಕಮ್ಮಿ ಹಾಕ್ತೇನೆ ಈಗ," ಎಂದಿರಿ. "ನಾನು ಅವರಿಗೆ ಕಳಿಸಿದ ಕೊನೆಯದ್ದು ಅದು. ಅದ್ರಲ್ಲೂ ಉಪ್ಪು ಹೆಚ್ಚು ಮಾಡಿ ಕೊಟ್ಟೆನಲ್ಲ ಪುತಾ. ನಿಜ ಹೇಳು, ಅವರಿಗೆ ಬೇಜಾರಾಯ್ತಾ?"

ಆಗ ಹೇಳಬೇಕಿತ್ತು. "ಇಲ್ಲ ಬಾಯಿ, ನಗ್ತಾ ಇದ್ರು" ಎಂದೆ. ಮತ್ತೆ ಅವರು ಯಾವ ಅಂಗಿ ತೊಟ್ಟಿದ್ದರು, ಕೂದಲು ಎಷ್ಟು ನರೆದಿತ್ತು ಎಂದು ನೀವು ಕೇಳುತ್ತ ಹೋದಿರಿ, ನಾನು ಹೇಳುತ್ತ ಹೋದೆ. ಜೂಲಿ ಬಾಗಿಲಿಗೆ ಒರಗಿ ನಿಂತು ಎಲ್ಲವನ್ನೂ ಕೇಳಿದಳು. ಅಪ್ಪನ ಮುಖ ಮರೆತಿದ್ದ ಮಗುವಿಗೆ ನಾನು ನೀಲಿ ಅಂಗಿ ತೊಟ್ಟ ಒಬ್ಬ ಅಪ್ಪನನ್ನು ಕಟ್ಟಿಕೊಟ್ಟೆ. ಜೂಲಿ, ಆ ಅಂಗಿಯೂ ಸುಳ್ಳು.

ಪಾದ್ರಿಯವರ ಮುಂದೆ ಮಂಡಿಯೂರಿದ್ದೂ ಉಂಟು. ಒಂದು ಸುಳ್ಳು ಹೇಳಿದೆ ಎಂದೆ. ಅದರಿಂದ ಯಾರಿಗಾದರೂ ಹಾನಿಯಾಯಿತೇ ಎಂದು ಕೇಳಿದರು. ಇಲ್ಲ ಎಂದೆ. ಅವರು ವಿಧಿಸಿದ ಮೂರು ನಮೋ ಮರಿಯ ಪ್ರಾರ್ಥನೆ ಹೇಳಿ ಮನೆಗೆ ಬಂದೆ.

ಊರಿಗೇ ಮರಳಿ ಬಂದು ಮೂರು ವರ್ಷವಾಯಿತು. ಪ್ರತಿ ಬೇಸಿಗೆಯಲ್ಲಿ ನೀವು ಉಪ್ಪಿನಕಾಯಿ ಹಾಕುತ್ತೀರಿ, ಮಳೆ ಹಿಡಿಯುವಷ್ಟರಲ್ಲಿ ಅದರ ಮೇಲೆ ಬೂಷ್ಟು ಕಟ್ಟುತ್ತದೆ, ಹಿತ್ತಿಲಿಗೆ ಚೆಲ್ಲುತ್ತೀರಿ. ರೆಜಿನಾಬಾಯಿಯ ಕೈ ಹೋಯಿತು ಎಂದು ನೆರೆಯವರು ನಗುತ್ತಾರೆ. ಮದುವೆ ಮನೆಗಳವರು ಬರುವುದನ್ನು ಬಿಟ್ಟರು. ನೀವು ಮಾತ್ರ ಕೆಡುವ ಮೊದಲೇ ಒಂದು ಭರಣಿಯನ್ನು ತಪ್ಪದೆ ನನ್ನ ಮನೆಗೆ ಕಳಿಸುತ್ತೀರಿ – ಅವರನ್ನು ಕೊನೆಗೆ ನೋಡಿದವನ ಪಾಲೆಂದು. ನಾನು ಅದನ್ನು ಬೂಷ್ಟು ಸಮೇತ ತಿಂದು ಮುಗಿಸುತ್ತೇನೆ. ಅದನ್ನು ಪ್ರಾಯಶ್ಚಿತ್ತವೆಂದು ತಿಳಿದುಕೊಂಡಿದ್ದೆ, ಎಂಥ ಮೂರ್ಖತನ.

ಇದನ್ನು ಓದಿದ ಮೇಲೆ ನಿಮ್ಮ ಚಿಕ್ಕ ನೋವೊಂದು ಹೋಗಿ, ಅದರ ಜಾಗದಲ್ಲಿ ಮಲಗಿದಲ್ಲೇ ದಾರಿ ಕಾದ ಒಬ್ಬ ಮನುಷ್ಯ ಬಂದು ಕೂರುತ್ತಾನೆ. ಅವನನ್ನು ನಿಮ್ಮ ಮನೆಗೆ ಕಳಿಸುತ್ತಿರುವವ ನಾನೇ. ಕ್ಷಮಿಸಿ ಎಂದು ಕೇಳುವುದಿಲ್ಲ. ಲೊರೆಸ್ಸನಿಗೂ ತೋರಿಸಿ, ಅವನು ಬಂದು ಏನು ಮಾಡಿದರೂ ನಾನು ಮನೆಯಲ್ಲೇ ಇರುತ್ತೇನೆ.

ಇವತ್ತು ನಿಮ್ಮ ಅಂಗಳದಲ್ಲಿ ಮಿಡಿ ಮಾವನ್ನು ತೊಳೆದು ಚಾಪೆಯ ಮೇಲೆ ಹರಡಿದ್ದು ಗೋಡೆಯ ಮೇಲಿಂದ ಕಂಡಿತು. ಅದಕ್ಕೇ ಈ ಅವಸರ. ಆ ಭರಣಿಯನ್ನು ಅವರು ಬಿಚ್ಚಲಿಲ್ಲ, ಯಾರೂ ರುಚಿ ನೋಡಲಿಲ್ಲ, ಉಪ್ಪು ಹೆಚ್ಚಾಗಿದೆ ಎಂದು ಯಾರೂ ಹೇಳಲಿಲ್ಲ. ಈ ಸಲ ಮೊದಲಿನ ಹಾಗೆಯೇ ನಿಮ್ಮ ಕೈ ತುಂಬ ಉಪ್ಪು ಹಾಕಿ, ಬಾಯಿ. ನನ್ನ ಮನೆಗೆ ಮಾತ್ರ ಕಳಿಸಬೇಡಿ.