ಎಬೋ ಡಾಡ್ಜಿಯ ತಗಡು

ತಕೊರಾಡಿಯ ಗ್ಯಾರೇಜು ಕೇರಿ ಕೊಕೊಂಪೆಯಲ್ಲಿ ಗಾಡಿಗಳ ದೀಪ, ವೈರು ನೋಡುವವರು ಹದಿನಾಲ್ಕು ಮಂದಿ. ಅವರಲ್ಲಿ ಹದಿಮೂರು ಮಂದಿ ಗಾಡಿ ರಿಪೇರಿ ಮಾಡುತ್ತಾರೆ. ಎಬೋ ಡಾಡ್ಜಿ ಒಬ್ಬನೇ ಗಾಡಿಗಳನ್ನು ಉದ್ಧಾರ ಮಾಡುತ್ತಾನೆ. ಹಾಗೆಂದು ಹೇಳಿದವನು ಅವನೇ. ನಾನು ರೇಡಿಯೇಟರ್ ಬೆಸುಗೆಯವನು. ನನ್ನ ಶೆಡ್ಡಿಗೂ ಅವನ ಶೆಡ್ಡಿಗೂ ನಡುವೆ ಒಂದು ಚರಂಡಿ ಮಾತ್ರ. ಇಪ್ಪತ್ತೆರಡು ವರ್ಷಗಳಿಂದ ನಾನು ಬೇಡವೆಂದರೂ ಅವನ ಮಾತು ಆ ಚರಂಡಿ ದಾಟಿ ಬರುತ್ತಲೇ ಇದೆ.

ಅವನ ಶೆಡ್ಡಿನ ಮೇಲೆ ಆಳೆತ್ತರದ ಬೋರ್ಡು: ‘ಮಾಸ್ಟರ್ ಡಾಡ್ಜಿ, ಕತ್ತಲೆಯ ಶತ್ರು’. ಉಳಿದವರೆಲ್ಲ ಟೆಸ್ಟ್ ಲ್ಯಾಂಪ್ ಇಟ್ಟು ವೈರಿನಲ್ಲಿ ಕರೆಂಟ್ ಬರುತ್ತಿದೆಯೇ ಎಂದು ನೋಡುತ್ತಾರೆ. ಇವನು ವೈರಿನ ತುದಿಯನ್ನು ನಾಲಿಗೆಗೆ ತಾಕಿಸಿ, ಕಣ್ಣು ಮುಚ್ಚಿ, ಸಾರಿಗೆ ಉಪ್ಪು ಹಿಡಿದಿದೆಯೇ ಎಂದು ನೋಡುವ ಅತ್ತೆಯ ಹಾಗೆ ತಲೆಯಾಡಿಸುತ್ತಾನೆ. ರುಚಿ ತಿಳಿಯದವನು ಕರೆಂಟಿನ ಕೆಲಸಕ್ಕೆ ಕೈಯಿಡಬಾರದು ಎನ್ನುವುದು ಅವನ ವಾದ.

ಇನ್ನೊಂದು ಖಯಾಲಿಯೂ ಅವನಿಗಿತ್ತು. ಹಾಲಿನ ಡಬ್ಬಿಯ ತಗಡನ್ನು ಅಂಗೈಯಗಲ ಕತ್ತರಿಸಿ, ಎರಡೂ ಮಗ್ಗುಲಿಗೆ ನೀಲಿ ಬಣ್ಣ ಬಳಿದು, ಅದರ ಮೇಲೆ ಹಳದಿಯಲ್ಲಿ ತನ್ನ ಹೆಸರು ಬರೆದು, ಸಮುದ್ರದ ಗಾಳಿಗೆ ಕೆಡದಿರಲೆಂದು ಎರಡು ಕೈ ವಾರ್ನಿಷ್ ಹೊಡೆಯುತ್ತಿದ್ದ. ಅವನ ಕೈದಾಟಿದ ಪ್ರತಿ ಗಾಡಿಯ ಹಿಂಭಾಗದಲ್ಲೂ, ಎಡಗಡೆಯ ದೀಪದ ಪಕ್ಕಕ್ಕೆ, ಆ ತಗಡು ಕೂರಲೇಬೇಕು. ಹೊಸ ತೂತು ಕೊರೆದರೆ ಮಾಲೀಕರು ಜಗಳಕ್ಕೆ ಬರುತ್ತಾರೆಂದು, ಅಲ್ಲಿ ಮೊದಲೇ ಇದ್ದ ಒಂದು ಸ್ಕ್ರೂ ಬಿಚ್ಚಿ ಅದರಡಿಗೇ ಸಿಕ್ಕಿಸುತ್ತಿದ್ದ.

ಮಳೆಗಾಲ ಮುಗಿದ ಮೇಲೆ ಒಂದು ಸೋಮವಾರ ಅರಾಬಾ ಟಾಂಡೋ ತನ್ನ ಟ್ರೋಟ್ರೋ, ಅಂದರೆ ಬಾಡಿಗೆಗೆ ಜನ ಸಾಗಿಸುವ ವ್ಯಾನು, ತಂದಳು. ಮೂವತ್ತು ವರ್ಷ ಮೀನು ಹೊಗೆಯಾಡಿಸಿ ಮಾರಿ, ಕಣ್ಣು ಕೆಂಪಾಗಿಸಿಕೊಂಡು ಕೊಂಡ ವ್ಯಾನು ಅದು. ಕೇಪ್ ಕೋಸ್ಟ್‌ಗೆ ಹೋಗುವ ಗಾಡಿಗಳ ಸಾಲಿನಲ್ಲಿ ಜನ ಹತ್ತಿಸಿಕೊಳ್ಳಲು ಅದಕ್ಕೊಂದು ಸರದಿ ಇತ್ತು. ದೀಪಗಳ ಹುಚ್ಚಾಟ ನೋಡಿ ಪೊಲೀಸರು ಎರಡು ಸಲ ತಡೆದ ಮೇಲೆ ಚಾಲಕರ ಸಂಘದವರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: ಶುಕ್ರವಾರದ ತಪಾಸಣೆಯಲ್ಲಿ ಪಾಸಾಗಬೇಕು, ಇಲ್ಲವಾದರೆ ಸರದಿ ಇನ್ನೊಬ್ಬರಿಗೆ. ನಾಲ್ಕು ತಿಂಗಳ ಹಿಂದೆಯಷ್ಟೇ ಡಾಡ್ಜಿ ಆ ವ್ಯಾನಿನ ಹೆಡ್‌ಲೈಟ್ ಸರಿಮಾಡಿ ತಗಡು ಸಿಕ್ಕಿಸಿದ್ದ. ಅದಕ್ಕೇ ಅವಳು ನೇರ ಅವನಲ್ಲಿಗೆ ಬಂದಳು.

“ಮಾಸ್ಟರ್, ಎಡಕ್ಕೆ ತಿರುಗ್ತೀನಿ ಅಂತ ಇಂಡಿಕೇಟರ್ ಹಾಕಿದ್ರೆ ಹಿಂದಿನ ದೀಪ ಎಲ್ಲಾ ಸೇರ್ಕೊಂಡು ಮಿಣುಕ್ತವೆ. ಬ್ರೇಕ್ ಒತ್ತಿದ್ರೆ ಇಂಡಿಕೇಟರ್ ಹತ್ಕೊಳ್ಳುತ್ತೆ. ಏನು ಕುಡಿದಿದೆ ಇದು?”

ಡಾಡ್ಜಿ ವ್ಯಾನಿನ ಕಡೆ ತಿರುಗಿಯೂ ನೋಡಲಿಲ್ಲ. “ಅಮ್ಮ, ನೀವು ಹೋಗಿ ಮೀನು ನೋಡ್ಕೊಳ್ಳಿ. ಗುರುವಾರ ಸಂಜೆಯೊಳಗೆ ಸರಿಹೋಗದಿದ್ರೆ ಈ ಬೋರ್ಡು ನಾನೇ ಕೆಳಗಿಳಿಸ್ತೀನಿ.” ಅದನ್ನು ಅವನು ಹೇಳಿದ್ದು ಅವಳಿಗಲ್ಲ, ಶೆಡ್ಡುಗಳ ಇಡೀ ಸಾಲಿಗೆ.

ಸೋಮವಾರ ಬಲ್ಬುಗಳನ್ನೆಲ್ಲ ಬದಲಿಸಿದ. ಮಿಣುಕಾಟ ಇನ್ನಷ್ಟು ಗೆಲುವಾಯಿತು. ಮಂಗಳವಾರ ಬ್ರೇಕಿನ ಸ್ವಿಚ್ಚು, ಇಂಡಿಕೇಟರ್ ಮಿಣುಕಿಸುವ ಡಬ್ಬಿ ಎರಡೂ ಹೊಸವು ಬಂದವು. ಬುಧವಾರ ಚಾವಣಿಯ ಹೊದಿಕೆ ಕಿತ್ತು, ಕೋಳಿಯ ಕರುಳು ತೆಗೆದ ಹಾಗೆ ವೈರುಗಳನ್ನು ಹೊರಗೆಳೆದು ಒಂದೊಂದನ್ನೂ ನೆಕ್ಕಿ ನೋಡಿದ. ಎಲ್ಲದರಲ್ಲೂ ಕರೆಂಟ್ ಸೊಗಸಾಗಿಯೇ ಇತ್ತು. ತಪ್ಪು ಮೊದಲು ಚೀನಾದ ಬಲ್ಬಿನದಾಯಿತು, ಆಮೇಲೆ ಸಮುದ್ರದ್ದು, ಕೊನೆಗೆ ಡ್ರೈವರ್ ಅಟಾನ ಕಾಲಿನದು. ಬ್ರೇಕನ್ನು ಅವನು ಅನುಮಾನದಿಂದ ಒತ್ತುತ್ತಾನಂತೆ.

ಅರ್ತ್ ನೋಡಿದೆಯಾ ಎಂದು ನಾನು ಚರಂಡಿಯ ಈಚೆಯಿಂದ ಒಮ್ಮೆ ಕೇಳಿದೆ. ಬೆಸುಗೆಯವರು ಬೆಸುಗೆ ನೋಡಿಕೊಳ್ಳಲಿ ಎಂದು ಉತ್ತರ ಬಂತು. ನಾನು ಬೆಸುಗೆಯನ್ನೇ ನೋಡಿಕೊಂಡೆ.

ಗುರುವಾರ ಮಧ್ಯಾಹ್ನ ಅರಾಬಾ ಒಂದು ಮಣೆ ತಂದು ವ್ಯಾನಿನ ಹಿಂದೆ ಹಾಕಿಕೊಂಡು ಕೂತಳು. ಎಲೆಯಲ್ಲಿ ಕಟ್ಟಿದ ಕೆಂಕೆ ಎಂಬ ಮೆಕ್ಕೆಜೋಳದ ಮುದ್ದೆ ಬಿಚ್ಚಿ, ಖಾರಕ್ಕೆ ಅದ್ದಿ ತಿನ್ನುತ್ತಾ ನೋಡಿದಳು. ಅಟಾ ಒಳಗೆ ಕೂತು ಎಡಗಡೆಯ ಇಂಡಿಕೇಟರ್ ಹಾಕಿದ್ದ. ಹಿಂದಿನ ದೀಪಗಳೆಲ್ಲ ಮದುವೆ ಮನೆಯ ಹಾಗೆ ಮಿಣುಕುತ್ತಿದ್ದವು. ಅವಳು ಕೈ ತೊಳೆದುಕೊಂಡು ಎದ್ದಳು.

“ನಾಳೆ ನನ್ನ ಸರದಿ ಹೋಗುತ್ತೆ. ಹೋಗ್ಲಿ. ಆದ್ರೆ ನಿನ್ನ ಹೆಸರು ಹೊತ್ಕೊಂಡು ನನ್ನ ಗಾಡಿ ಊರೆಲ್ಲ ನಗಿಸೋದು ಬೇಡ. ತೆಗಿ ಆ ತಗಡು.”

ಡಾಡ್ಜಿ, ಅದು ಜಾಹೀರಾತಲ್ಲ, ಗುರುತು ಎಂದ. ಕೆಲಸಕ್ಕೂ ಅದಕ್ಕೂ ಏನು ಸಂಬಂಧ ಎಂದ. ಅಷ್ಟರಲ್ಲಿ ಹದಿಮೂರು ಶೆಡ್ಡಿನವರೂ ಏನೋ ನೆಪ ಮಾಡಿಕೊಂಡು ಆ ಕಡೆ ಬಂದು ನಿಂತಿದ್ದರು. ಅವನು ಹಲ್ಲು ಕಚ್ಚಿ ಸ್ಕ್ರೂ ತಿರುಗಿಸಿದ. ತುಕ್ಕು ಉದುರಿಸಿಕೊಂಡು ಅದು ಹೊರಬಂತು. ತಗಡು ಕಳಚಿತು. ಅದರ ಹಿಂದೆ ಗಾಡಿಯ ಮೈಯಲ್ಲಿ ಬೆರಳಗಲದಷ್ಟು ಜಾಗ ಬಣ್ಣವಿಲ್ಲದೆ, ಕನ್ನಡಿಯಂತೆ ಹೊಳೆಯುತ್ತಿತ್ತು. ಸ್ಕ್ರೂವಿನ ಜೊತೆ ಒಂದು ಕಪ್ಪು ವೈರೂ ನೇತಾಡುತ್ತಿತ್ತು. ಸಿಟ್ಟಿನಲ್ಲಿ ಅವನು ಆ ವೈರನ್ನು ಅಲ್ಲೇ ಇಟ್ಟು, ಸ್ಕ್ರೂವನ್ನು ಬಲವಾಗಿ ಬಿಗಿದ.

ಮಿಣುಕಾಟ ನಿಂತಿತು. ಎಡಗಡೆಯ ಇಂಡಿಕೇಟರ್ ಒಂದೇ ಒಂದು, ಮಾಗಿದ ಪಪ್ಪಾಯದ ಬಣ್ಣದಲ್ಲಿ, ಟಕ್ ಟಕ್ ಎಂದು ಹೊಡೆದುಕೊಳ್ಳತೊಡಗಿತು. ಅಟಾ ಬ್ರೇಕ್ ಒತ್ತಿದ. ಕೆಂಪು ದೀಪ ಮಾತ್ರ ಉರಿಯಿತು.

ಕರೆಂಟಿಗೆ ಹೋಗುವ ದಾರಿಯಷ್ಟೇ ಸಾಲದು, ವಾಪಸು ಬರುವ ದಾರಿಯೂ ಬೇಕು. ಗಾಡಿಯಲ್ಲಿ ಆ ದಾರಿ ಗಾಡಿಯ ಮೈಯೇ; ಅರ್ತ್ ಎನ್ನುವುದು ಅದನ್ನೇ. ಆ ಕಪ್ಪು ವೈರಿಗೂ ಮೈಗೂ ನಡುವೆ ಡಾಡ್ಜಿ ತನ್ನ ಹೆಸರನ್ನು ಬಣ್ಣ, ವಾರ್ನಿಷ್ ಸಮೇತ ತಂದಿಟ್ಟಿದ್ದ. ಸ್ಕ್ರೂವಿನ ಎಳೆಗಳಿಗೆ ತುಕ್ಕು ಹಿಡಿಯುವವರೆಗೆ ಅದರ ಮೂಲಕವೇ ಹೇಗೋ ನಡೆಯಿತು. ಆಮೇಲೆ ಪಾಪ ಕರೆಂಟು ಪಕ್ಕದ ದೀಪಗಳ ಮನೆಗಳನ್ನು ಹೊಕ್ಕು ಹಿಂದಿರುಗುತ್ತಿತ್ತು.

ಡಾಡ್ಜಿ ಸ್ಕ್ರೂಡ್ರೈವರನ್ನು ಜೇಬಿಗೆ ಸಿಕ್ಕಿಸಿದ. ಆಮೇಲೆ, “ಇದೊಂದೇ ಬಾಕಿ ಇತ್ತು,” ಎಂದ.

“ನಿನ್ನ ಹೆಸರು ತೆಗೆದ್ರೆ ಗಾಡಿ ಸರಿಹೋಗುತ್ತೆ ಅಂತ ಗೊತ್ತಿದ್ರೆ ಸೋಮವಾರವೇ ತೆಗೀತಿದ್ದೆ, ಮಾಸ್ಟರ್,” ಎಂದಳು ಅರಾಬಾ.

ಶುಕ್ರವಾರ ವ್ಯಾನು ಪಾಸಾಯಿತು, ಸರದಿ ಉಳಿಯಿತು. ಗುರುವಾರದೊಳಗೆ ತನ್ನ ಕೈಯಿಂದಲೇ ಸರಿಹೋಯಿತಲ್ಲ ಎಂದು ಡಾಡ್ಜಿ ಬೋರ್ಡು ಇಳಿಸಲಿಲ್ಲ. ಆದರೆ ಸುದ್ದಿ ಅಟಾನ ಬಾಯಿಂದ ಕೇಪ್ ಕೋಸ್ಟ್‌ವರೆಗೆ ಹೋಯಿತು. ಮಿಣುಕುವ ಗಾಡಿಗಳು ಒಂದೊಂದಾಗಿ ಕೊಕೊಂಪೆಗೆ ಬಂದವು. ಹೆಸರು ತೆಗೆಸಿಕೊಂಡು ನೆಟ್ಟಗಾಗಿ ಹೋದವು. ಡಾಡ್ಜಿ ಈಗ ಪ್ರತಿ ಅರ್ತ್ ವೈರಿನ ಜಾಗವನ್ನೂ ಉಪ್ಪುಕಾಗದದಿಂದ ಬೇಕಾದ್ದಕ್ಕಿಂತ ನಾಲ್ಕು ಸಲ ಹೆಚ್ಚೇ ಉಜ್ಜುತ್ತಾನೆ. ಕಿತ್ತ ತಗಡುಗಳನ್ನು ಎಸೆಯಲು ಮನಸ್ಸಾಗದೆ ಶೆಡ್ಡಿನ ಗೋಡೆಗೆ ಸಾಲಾಗಿ ಹೊಡೆದಿದ್ದಾನೆ. ಹೊಸದಾಗಿ ಬಂದವರು ಅದನ್ನು ಕಂಡು, ಯಾರೋ ಭಾರಿ ಮನುಷ್ಯನಿರಬೇಕು ಎಂದುಕೊಳ್ಳುತ್ತಾರೆ.

ಒಂದು ತಗಡು ಮಾತ್ರ ಆ ಗೋಡೆಗೆ ಸೇರಲಿಲ್ಲ. ಅದು ಮಾರುಕಟ್ಟೆಯಲ್ಲಿ ಅರಾಬಾಳ ಬಳಿ ಇದೆ. ಅಂಚು ಹರಿತವಾಗಿದೆ, ಕೈಗೂ ಹಿತವಾಗಿ ಕೂರುತ್ತದೆ. ಅವಳು ಅದರಲ್ಲಿ ಮೀನಿನ ಹುರುಪೆ ಹೆರೆಯುತ್ತಾಳೆ. ಹೋದ ವಾರ ಮೀನು ತರಲು ಹೋದಾಗ ನೋಡಿದೆ: ಹಳದಿ ಅಕ್ಷರಗಳು ಅರ್ಧ ಸವೆದಿದ್ದವು.