ದಪ್ಪಗಿದ್ದದ್ದು ಬೇಲಿ

ನಮ್ಮ ಸೋದರಮಾವನಿಗೆ ಕತ್ತರಿ ಮಾವ ಎಂದೇ ಹೆಸರು. ಆಸ್ಪತ್ರೆ, ಶಾಲೆ, ಬ್ಯಾಂಕು, ಸ್ಮಶಾನ, ಎಲ್ಲೆಲ್ಲಿ ಗಿಡದ ಬೇಲಿ ಇದೆಯೋ ಅಲ್ಲೆಲ್ಲ ಅವರ ಕತ್ತರಿ ಆಡಿದೆ. ಬಾಯಿ ಕತ್ತರಿಗಿಂತ ಹರಿತ. "ಬದುಕಿರೋರು ಒಂದು ಎಲೆ ಹೆಚ್ಚುಕಮ್ಮಿ ಆದ್ರೂ ಜಗಳಕ್ಕೆ ಬರ್ತಾರೆ. ಸ್ಮಶಾನದೋರು ತುಟಿ ಪಿಟಕ್ ಅನ್ನಲ್ಲ. ಒಳ್ಳೇ ಗಿರಾಕಿಗಳು ಅಂದ್ರೆ ಅವರೇ" ಎನ್ನುತ್ತಿದ್ದರು. ಮದುವೆಯಾಗಲಿಲ್ಲ. ಯಾಕೆಂದು ಕೇಳಿದರೆ, ಬೆಳೆದದ್ದನ್ನೆಲ್ಲ ಕತ್ತರಿಸುವವನಿಗೆ ಯಾರು ಹೆಣ್ಣು ಕೊಡುತ್ತಾರೆ ಎಂದು ನಗುವುದು. ಕೆಲಸವಿಲ್ಲದ ದಿನ ಮಾತ್ರ ಆ ಮನುಷ್ಯನನ್ನು ನೋಡಲಾಗದು. ಮೂಲೆಯಲ್ಲಿ ಕೂತು ಕೈ ಉಜ್ಜಿಕೊಳ್ಳುತ್ತಿರುತ್ತಾರೆ.

ನಮ್ಮ ಮನೆಯ ಬೇಲಿ ಅಪ್ಪ ನೆಟ್ಟದ್ದು. ರಸ್ತೆಯವರಿಗೆ ಅಡುಗೆಮನೆ ಕಾಣಬಾರದೆಂದು ಎದೆಮಟ್ಟಕ್ಕೆ ಬೆಳೆಸಿದ್ದರು. ಅಪ್ಪ ತೀರಿಕೊಂಡ ಮೇಲೆ ಅಮ್ಮ ಅವರ ಅಂಗಿಗಳನ್ನು ಕೊಟ್ಟುಬಿಟ್ಟಳು, ಮಂಚವನ್ನೂ ಕೊಟ್ಟಳು. ಬೇಲಿಯನ್ನು ಮಾತ್ರ ತನ್ನ ತಮ್ಮನ ಹೊರತು ಯಾರೂ ಮುಟ್ಟಕೂಡದು ಎಂದಳು.

ಪಕ್ಕದ ಖಾಲಿ ಸೈಟಿನಿಂದ ಅದರೊಳಗೆ ಬಳ್ಳಿ ನುಗ್ಗಿತು. ಬೇಲಿಯೇ ಎದ್ದು ಹೊಲ ಮೇಯುವುದನ್ನು ಕೇಳಿದ್ದೆವು, ಇದು ಬೇಲಿಯನ್ನೇ ಮೇಯತೊಡಗಿತು. ಅಮ್ಮ ಎಳೆದಷ್ಟೂ ತುಂಡಾಯಿತು, ತುಂಡಾದಷ್ಟೂ ಚಿಗುರಿತು. ಕೊನೆಗೆ ಬೇಲಿಯ ನೆತ್ತಿಯ ಮೇಲೆ ಬಳ್ಳಿಯ ಅಗಲ ಎಲೆಗಳೇ ಠಿಕಾಣಿ ಹೂಡಿದವು. ಬೇಲಿಯ ಸಣ್ಣ ಎಲೆಗಳು ಅಲ್ಲೊಂದು ಇಲ್ಲೊಂದು ಇಣುಕುತ್ತಿದ್ದವು.

"ಬಳ್ಳಿ ಏನಾದ್ರೂ ಮಾಡ್ಕೋ, ನಿನ್ನ ಭಾವನ ಬೇಲಿ ಉಳಿಸಿಕೊಡು" ಎಂದು ಅಮ್ಮ ತಮ್ಮನನ್ನು ಕರೆಸಿದಳು.

"ಎಳೀಬಾರದು ಅಕ್ಕ. ಬುಡದಲ್ಲಿ ಕತ್ತರಿಸಿ ಸುಮ್ನೆ ಬಿಟ್ಟುಬಿಡೋದು. ಮೇಲಿಂದು ತಾನಾಗೇ ಒಣಗುತ್ತೆ, ಆಮೇಲೆ ದಾರ ಎಳೆದ ಹಾಗೆ ಎಳೀಬಹುದು. ದಪ್ಪಗಿದ್ದದ್ದು ಬೇಲಿ, ತೆಳ್ಳಗಿದ್ದದ್ದು ಬಳ್ಳಿ. ಇಷ್ಟೇ ವಿದ್ಯೆ!"

ಅಂದು ಮಾವ ಬೇಲಿಯ ಕೆಳಗೆ ಮಲಗಿಕೊಂಡೇ ಸಾಗಿದರು. ಒಂದೊಂದು ಕಾಂಡವನ್ನೂ ಬೆರಳ ನಡುವೆ ಹಿಡಿದು, ಹಿಸುಕಿ, ಆಮೇಲೆ ಕತ್ತರಿಸುತ್ತಿದ್ದರು. "ನೋಡೇ, ಅನುಭವ ಅಂದ್ರೆ ಇದು" ಎಂದಳು ಅಮ್ಮ. ನನಗೂ ಹಾಗೇ ಅನ್ನಿಸಿತು.

ಸ್ವಲ್ಪ ದಿನ ಕಳೆದ ಮೇಲೆ ಅಮ್ಮ ಅಡುಗೆಮನೆ ಕಿಟಕಿಯಿಂದ ಕೂಗಿದಳು. "ಒಣಗ್ತಾ ಇದೆ ಕಣೇ! ಕಂದು ಬಣ್ಣಕ್ಕೆ ತಿರುಗಿದೆ!"

ಎಳೆದು ಹಾಕೋಣವೆಂದು ಬುಟ್ಟಿ ಹಿಡಿದು ಹೊರಟೆ. ಹತ್ತಿರ ಹೋದವಳು ಬುಟ್ಟಿ ಕೆಳಗಿಟ್ಟೆ. ಒಣಗಿದ್ದದ್ದು ಸಣ್ಣ ಎಲೆಗಳು. ಅಗಲ ಎಲೆಗಳು ಎಣ್ಣೆ ಸವರಿದ ಹಾಗೆ ಹೊಳೆಯುತ್ತಿದ್ದವು. ನಂಬಲಾಗದೆ ಮೊಣಕಾಲೂರಿ ಒಳಗೆ ನೋಡಿದೆ. ಅಪ್ಪ ನೆಟ್ಟ ಗಿಡಗಳ ತೆಳ್ಳನೆಯ ಕಾಂಡಗಳು ಸಾಲಿಗೆ ಸಾಲೇ ತುಂಡಾಗಿದ್ದವು. ನಡುನಡುವೆ ಮಣಿಕಟ್ಟಿನಷ್ಟು ದಪ್ಪಗೆ ಬಲಿತ ಬಳ್ಳಿಯ ಬುಡಗಳು, ಒಂದು ಗೀರೂ ಇಲ್ಲದೆ ನಿಂತಿದ್ದವು.

ಅಮ್ಮ ಬಂದು ನೋಡಿದಳು. ಒಳಗೆ ಹೋಗಿ ಫೋನಿನಲ್ಲಿ "ಈಗಿಂದೀಗ್ಲೇ ಬಾ" ಎಂದಷ್ಟೇ ಹೇಳಿ ಇಟ್ಟಳು.

ಮಾವ ನಗುತ್ತಲೇ ಬಂದರು. ಒಣಗಿದ ಬೇಲಿಯ ಎದುರಿಗೇ ನಿಂತು, "ಏನಕ್ಕ, ದಾರ ಎಳೆಯೋಣ್ವಾ?" ಎಂದರು.

ಅಮ್ಮನಿಗೆ ತಡೆಯಲಾಗಲಿಲ್ಲ. "ಏನು ಮಾಡಿದ್ದೀಯ ನೋಡೋ! ಬೇಲೀನೇ ಕತ್ತರಿಸಿ ಹಾಕಿದ್ದೀಯ! ಎಲೆ ನೋಡಿದ್ರೆ ಮಗೂಗೂ ಗೊತ್ತಾಗುತ್ತೆ. ನಿಂಗೇನು ಕಣ್ಣು ಕಾಣ್ಸಲ್ವಾ?"

ಹಾಲು ಚೆಲ್ಲಿದರೂ, ಚಪ್ಪಲಿ ಅದಲುಬದಲಾದರೂ ಅಮ್ಮನ ಬಾಯಿಗೆ ಬರುವುದು ಇದೇ ಬೈಗುಳ. ಅದಕ್ಕೆ ಯಾರೂ ಉತ್ತರ ಕೊಡುವುದಿಲ್ಲ. ಮಾವ ಕೊಟ್ಟರು.

"ಇಲ್ಲ ಅಕ್ಕ. ಕಾಣ್ಸಲ್ಲ."

"ಏನಂದೆ?"

"ನೀನು ನಿಂತಿರೋದು ಗೊತ್ತಾಗುತ್ತೆ. ಮುಖ ಗೊತ್ತಾಗಲ್ಲ. ಡಾಕ್ಟರು ಆಗಲೇ ಕೈಚೆಲ್ಲಿದ್ರು. ಹೇಳಿದ್ರೆ ಕೆಲಸ ಬಿಡಿಸ್ತೀರ ಅಂತ ಬಾಯಿ ಬಿಡಲಿಲ್ಲ. ಬೇಲಿಗಳೆಲ್ಲ ನನ್ನ ಕೈಗೆ ಗೊತ್ತು. ಇದೂ ಗೊತ್ತು ಅಂದ್ಕೊಂಡೆ."

ವಾರವಾರವೂ ಮನೆಗೆ ಬಂದು ಹೋಗುವ ಮನುಷ್ಯ. ನಮ್ಮೆದುರೇ ಕೂತು ಉಣ್ಣುತ್ತಿದ್ದರು, ತೆಳ್ಳಗಾಗಿದ್ದೀಯ ಎಂದು ನನ್ನನ್ನು ರೇಗಿಸುತ್ತಿದ್ದರು. ನಮಗೆ ಕಣ್ಣಿದ್ದೂ ಒಂದೂ ಗೊತ್ತಾಗಿರಲಿಲ್ಲ. ಕಾಂಡವನ್ನು ಬೆರಳಲ್ಲಿ ಹಿಸುಕಿದ್ದನ್ನು ಅನುಭವ ಎಂದುಕೊಂಡಿದ್ದೆವು.

ಅಮ್ಮ ಬೇಲಿಯ ಬುಡದಲ್ಲಿ ಮಣ್ಣಿನ ಮೇಲೇ ಕೂತಳು. ಮಾವ ಕೇಳಿದರು.

"ಭಾವನ ಬೇಲಿ ಪೂರ್ತಿ ಹೋಯ್ತಾ? ಬುಡಾನ ಉಗುರಲ್ಲಿ ಕೆರೆದು ನೋಡು ಅಕ್ಕ. ಒಳಗೆ ಹಸಿರಿದ್ರೆ ಜೀವ ಇದೆ."

ಅಮ್ಮ ಕೆರೆದಳು. ನಾನೂ ಬಗ್ಗಿ ನೋಡಿದೆ. ತೊಗಟೆಯ ಕೆಳಗೆ ಹಸಿರಿತ್ತು.

"ಇದೆ ಕಣೋ."

"ಹಾಗಾದ್ರೆ ಚಿಗುರುತ್ತೆ ಬಿಡು. ಅದೇನು ಕಣ್ಣಲ್ಲವಲ್ಲ."

ಹೇಳಿ ಮಾವ ತಾವೇ ನಕ್ಕರು. ನಮ್ಮಿಬ್ಬರಿಗೂ ನಗು ಬರಲಿಲ್ಲ. ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ತಮ್ಮನ ಮಣಿಕಟ್ಟು ಹಿಡಿದೆಳೆದು ತನ್ನ ಪಕ್ಕ ಕೂರಿಸಿಕೊಂಡಳು. ಅವರ ಅಂಗೈಯನ್ನು ದಪ್ಪನೆಯ ಬುಡವೊಂದರ ಮೇಲೆ ಒತ್ತಿದಳು.

"ಇದು ಬಳ್ಳಿ."

ಮಾವ ಅದನ್ನು ಸುತ್ತಲೂ ಸವರಿ ಬೆಚ್ಚಿದರು. "ಇಷ್ಟು ದಪ್ಪಾನಾ!"

ಕತ್ತರಿಗೆ ಬಗ್ಗದ ಬುಡ ಅದು. ನಾನು ಗರಗಸ ತಂದು ಮಾವನ ಕೈಗಿಟ್ಟೆ. ಕೆಲಸ ಬಿಡುವ ಮಾತನ್ನು ಅಮ್ಮ ಎತ್ತಲೇ ಇಲ್ಲ. ಒಂದು ಬುಡ ಕೊಯ್ದು ಮುಗಿಯುತ್ತಿದ್ದಂತೆ, ತಮ್ಮನ ಕೈಯನ್ನು ತಾನೇ ಎತ್ತಿ ಮುಂದಿನ ಬುಡದ ಮೇಲಿಟ್ಟಳು.